ಒಳಗಿನ ಮಾತು ಬೇರೆ ಐತೆ

ಸಿನಿಮಾದ ಕತೆ ಏನು ಎಂದು ನಮ್ಮ ಸಿದ್ದಾಪುರದ ಅಣ್ಣನನ್ನು ಕೇಳಬೇಡಿ. ಕತೆ ಟಿಕೆಟ್ ತಗೊಂಡ ಯಾರಿಗಾದರೂ ಗೊತ್ತಾಗುತ್ತದೆ. ಶೂಟಿಂಗಿನಲ್ಲಿ ಯಾರು ಯಾರ ಮುಖ ನೋಡುತ್ತಿರಲಿಲ್ಲ ಎಂಬುದು ಅಣ್ಣನ ಖಾತೆ. ಹೆಸರು ಬೇಡ ಬಿಡಿ; ಇಂಥವರು ರಾಂಪುರದಲ್ಲೂ ಇದ್ದಾರೆ, ಹಾನಗಲ್ಲಿನಲ್ಲೂ ಇದ್ದಾರೆ. ಬೆಂಗಳೂರು ಅಣ್ಣನಿಗೆ ಗೊತ್ತಿರುವುದು ಮೆಜೆಸ್ಟಿಕ್ಕಿನವರೆಗೆ. ಅಲ್ಲಿಂದ ಗಾಂಧಿನಗರ ನಡೆದು ಹೋಗುವಷ್ಟೇ ದೂರ ಎಂಬುದೇ ಅವನ ಅರ್ಹತೆ.

ಹೇಳುವುದಕ್ಕೂ ಒಂದು ಕ್ರಮವಿದೆ. ಟೀ ಹೋಟ್ಲಿನ ಬೆಂಚಿನಲ್ಲಿ ಕೂತು ಹುರಿದ ಶೇಂಗಾ ಒಡೆಯುತ್ತಾನೆ, ಬೀಜವನ್ನು ಅಂಗೈಯಲ್ಲಿ ತಿಕ್ಕಿ ಕೆಂಪು ಸಿಪ್ಪೆ ಉಫ್ ಎಂದು ಊದುತ್ತಾನೆ, ಬಾಯಿಯ ಹತ್ತಿರ ಒಯ್ದು ನಿಲ್ಲಿಸಿ, ಹಾಲಿವುಡ್ಡಿನವರು ಯಾರಾದರೂ ಕೇಳಿಸಿಕೊಂಡಾರೆಂಬಂತೆ ಬಾಗಿಲ ಕಡೆ ನೋಡುತ್ತಾನೆ. ಆಮೇಲೆ, “ತಮ್ಮಾ, ಒಳಗಿನ ಮಾತು ಬೇರೆ ಐತೆ.”

ತೊಂದರೆ ಏನೆಂದರೆ, ಆಗೀಗ ನಿಜವನ್ನೂ ಹೇಳಿಬಿಡುತ್ತಾನೆ. 1977ರ ‘ಸ್ಟಾರ್ ವಾರ್ಸ್’ನಲ್ಲಿ ಚಿನ್ನದ ಬಣ್ಣದ ಉದ್ದನೆಯ ರೋಬೋಟಿನೊಳಗೆ ಇದ್ದವನು ಆಂಟನಿ ಡೇನಿಯಲ್ಸ್, ಡಬ್ಬಿಯಂಥ ಗಿಡ್ಡ ರೋಬೋಟಿನೊಳಗೆ ನಾಲ್ಕಡಿಗೂ ಕಮ್ಮಿ ಎತ್ತರದ ಕೆನ್ನಿ ಬೇಕರ್. ತೆರೆಯ ಮೇಲೆ ಬಿಟ್ಟಿರಲಾರದ ಜೋಡಿ. ಹೊರಗೆ ಎಣ್ಣೆ ಸೀಗೆಕಾಯಿ. ಬೇಕರ್ ಅದನ್ನು ಸಂದರ್ಶನಗಳಲ್ಲೇ ಹೇಳಿಕೊಂಡಿದ್ದ. “ತಗಡಿನೊಳಗೆ ಬೆಂದರೂ ಜಗಳ ಬಿಡ್ಲಿಲ್ಲ ನೋಡು” ಎನ್ನುವಾಗ ಅಣ್ಣನ ಮುಖದಲ್ಲಿ ದಾಯಾದಿ ಸೋತ ಸಂತೋಷ. ‘ಸ್ಟಾರ್ ಟ್ರೆಕ್’ನ ಕ್ಯಾಪ್ಟನ್ ವಿಲಿಯಂ ಶ್ಯಾಟ್ನರ್ 2021ರಲ್ಲಿ, 90ನೇ ವಯಸ್ಸಿನಲ್ಲಿ, ನಿಜವಾದ ರಾಕೆಟ್ ಹತ್ತಿ ಬಂದಾಗ ಹಳೆಯ ಸಹನಟ ಜಾರ್ಜ್ ಟಕೇಯಿ ಅವನನ್ನು ಗಿನಿಪಿಗ್ ಎಂದು ಆಡಿಕೊಂಡದ್ದೂ ಸುಳ್ಳಲ್ಲ. ಧಾರಾವಾಹಿ ಶುರುವಾದದ್ದು 1966ರಲ್ಲಿ. ನಮ್ಮ ಕಡೆ ಬದುವಿನ ವ್ಯಾಜ್ಯಗಳು ಮಾತ್ರ ಅಷ್ಟು ವರ್ಷ ಬಾಳುತ್ತವೆ.

ಅಣ್ಣ ಸಿಕ್ಕಿಬಿದ್ದದ್ದು ಕನ್ನಡದ ರೋಬೋಟ್ ಸಿನಿಮಾದಲ್ಲಿ. 2002ರ ‘ಹಾಲಿವುಡ್’, ದಿನೇಶ್ ಬಾಬು ನಿರ್ದೇಶನ. ರೋಬೋಟೂ ಸೇರಿ ಮೂರು ಪಾತ್ರ, ಮೂರೂ ಉಪೇಂದ್ರ. “ಇದ್ರಲ್ಲಿ ಯಾರಿಗೂ ಯಾರಿಗೂ ಜಗಳ ಅಣ್ಣಾ?” ಎಂದು ಕಾಲೇಜು ಹುಡುಗನೊಬ್ಬ ಕಾಲೆಳೆದ. ಅಣ್ಣ ಎರಡು ಶೇಂಗಾ ಒಡೆಯುವಷ್ಟು ಹೊತ್ತು ಸುಮ್ಮನಿದ್ದ. “ರೋಬೋಟ್ ಉಪೇಂದ್ರ ಸೆಟ್ಟಿಗೆ ಬಂದಾಗ ಹೀರೋ ಉಪೇಂದ್ರ ಅತ್ಲಾಗೆ ಸುಳೀತಾನೇ ಇರ್ಲಿಲ್ಲ.” ಸುಳ್ಳೆನ್ನುವುದು ಹೇಗೆ?

ಅಣ್ಣನನ್ನೊಬ್ಬನನ್ನೇ ಬೈದು ಫಲವಿಲ್ಲ, ನೆಲವೇ ಅಂಥದ್ದು. ಸಿದ್ದಾಪುರ, ಬ್ರಹ್ಮಗಿರಿ, ಜಟಿಂಗ ರಾಮೇಶ್ವರ, ಮೂರೂ ಕಡೆ ಅಶೋಕನ ಶಾಸನಗಳಿವೆ; 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದವು. ಅಪ್ಪಣೆ ಚಕ್ರವರ್ತಿಯದಾದರೂ ಬರೆದ ಚಪಡ ಕೊನೆಗೆ ತನ್ನ ಹೆಸರನ್ನೂ ಸೇರಿಸಿದ. ಉಳಿದದ್ದೆಲ್ಲ ಬ್ರಾಹ್ಮಿ, ತನ್ನ ಕಸುಬಿನ ಹೆಸರು ಮಾತ್ರ ಖರೋಷ್ಠಿ. ವಾಯವ್ಯದ ಕಡೆಯಿಂದ ಬಂದವನಿರಬೇಕು ಎನ್ನುತ್ತಾರೆ ಪಂಡಿತರು. ಅಣ್ಣನ ಪ್ರಕಾರ ಸಂಬಳದ ವಿಷಯಕ್ಕೆ ಮೇಲಿನವರ ಜೊತೆ ಮಾತು ಬಂದಿತ್ತು. ಇಲ್ಲಿ ಯಾರಿಗೂ ಓದಲು ಬಾರದ ಲಿಪಿಯಲ್ಲಿ ಬರೆದಿಟ್ಟದ್ದು ಬೈಗುಳ.

ಈಗಂತೂ ಆಕಾಶದ ಆಟ ಚಳ್ಳಕೆರೆಗೇ ಬಂದಿದೆ. ಅಲ್ಲಿಯ ಡಿಆರ್‌ಡಿಒ ಪರೀಕ್ಷಾ ನೆಲೆಯಲ್ಲಿ ಇಸ್ರೋದ ರೆಕ್ಕೆಯ ವಾಹನವನ್ನು ಚಿನೂಕ್ ಹೆಲಿಕಾಪ್ಟರ್ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಹೊತ್ತು ಬಿಟ್ಟಿತು. ಅದು ತಾನಾಗಿ ಬಂದು ರನ್‌ವೇಯಲ್ಲಿ ಇಳಿಯಿತು. 2023ರ ಏಪ್ರಿಲ್‌ನಲ್ಲಿ ಒಮ್ಮೆ, 2024ರಲ್ಲಿ ‘ಪುಷ್ಪಕ್’ ಎಂಬ ಹೆಸರಲ್ಲಿ ಮತ್ತೆರಡು ಸಲ. ಕೊನೆಯ ಸಲ, ದಾರಿ ತಿದ್ದಿಕೊಳ್ಳುತ್ತದೋ ನೋಡಲೆಂದು, ಬೇಕೆಂದೇ 500 ಮೀಟರ್ ಪಕ್ಕಕ್ಕೆ ಬಿಟ್ಟಿದ್ದರು.

“ನೋಡೋಕಂತೆ!” ಅಣ್ಣ ಬಾಗಿಲ ಕಡೆ ನೋಡಿದ. “ಹೊಟ್ಟೆಕಿಚ್ಚು ತಮ್ಮಾ. ಹೊರೋದು ನಾನು, ಪೇಪರ್ನಾಗೆ ಫೋಟೋ ಅವನ್ದು ಅಂತ ಚಿನೂಕಿಗೆ. ಅದರ ಪೈಲಟ್‌ಗೂ ಪುಷ್ಪಕ್ ಪೈಲಟ್‌ಗೂ ಮಾತೇ ಇಲ್ಲ.”

“ಪುಷ್ಪಕ್‌ನಾಗೆ ಪೈಲಟೇ ಇರ್ಲಿಲ್ವಲ್ಲಣ್ಣಾ!”

ಅಣ್ಣ ಬೀಜ ಬಾಯಿಗೆ ಹಾಕಿಕೊಂಡ. “ಯಾಕಿರ್ಲಿಲ್ಲ ಅಂತ ಕೇಳು.”