ಹದಿನಾರು ಕಂತಿನ ಸಂಸಾರ

ಕೊರಿಯಾದ ಧಾರಾವಾಹಿಯಲ್ಲಿ ಯಾರಾದರೂ ನಗುನಗುತ್ತಾ ರಸ್ತೆ ದಾಟಲು ಹೊರಟರೆ ಅಭಿಮಾನಿಯಾದವಳು ಕೂತಲ್ಲೇ ನೆಟ್ಟಗಾಗುತ್ತಾಳೆ. ಇನ್ನೇನು ಬಿಳಿ ಟ್ರಕ್ ಬರುತ್ತದೆ. ಟ್ರಕ್ಕಿನವನಿಗೆ ಬ್ರೇಕ್ ಎಂಬುದೊಂದಿದೆ ಎಂದು ಯಾರೂ ಹೇಳಿಕೊಟ್ಟಿರುವುದಿಲ್ಲ. ದಾಟುವವರಿಗೆ ಎರಡು ಹೆಜ್ಜೆ ಹಿಂದೆ ಸರಿಯಬಹುದೆಂದು ತೋಚುವುದಿಲ್ಲ. ಹೆಡ್‌ಲೈಟಿನ ಬೆಳಕಿಗೆ ಮುಖವೊಡ್ಡಿ, ಕಂತು ಮುಗಿಯುವವರೆಗೂ ನಿಂತೇ ಇರುತ್ತಾರೆ. ಮುಂದಿನ ಕಂತಿಗೆ ಆಸ್ಪತ್ರೆ, ಹಣೆಗೆ ಬಟ್ಟೆ, ಕಣ್ಣು ಬಿಟ್ಟೊಡನೆ ‘ನೀವು ಯಾರು?’ ಎಂಬ ಪ್ರಶ್ನೆ. ಜಗತ್ತಿಗೆಲ್ಲ ಕಾರು ಮಾರುವ ದೇಶದಲ್ಲಿ ರಸ್ತೆ ದಾಟುವುದು ಇಷ್ಟು ಅಪಾಯವೇ ಎಂದು ಹೊಸಬರು ಕೇಳಬಹುದು. ಮೈಸೂರಿನ ನಮ್ಮ ಅಭಿಮಾನಿ ಕೇಳುವುದಿಲ್ಲ. ಟ್ರಕ್ ಬರುವ ವೇಗ ನೋಡಿಯೇ ಈ ಮರೆವು ಎಷ್ಟು ಕಂತು ಉಳಿಯುತ್ತದೆಂದು ಅವಳು ಹೇಳಬಲ್ಲಳು.

ಮರೆವಿನ ಮಹಾಕಾವ್ಯ ಎಂದು ಅವಳು ಪಟ್ಟ ಕಟ್ಟಿರುವುದು 2002ರ ‘ವಿಂಟರ್ ಸೊನಾಟಾ’ಕ್ಕೆ. ಶಾಲೆಯ ದಿನಗಳಲ್ಲೇ ಅಪಘಾತದಲ್ಲಿ ಸತ್ತನೆಂದು ಎಲ್ಲರೂ ನಂಬಿದ್ದ ಹುಡುಗ ಹತ್ತು ವರ್ಷದ ಮೇಲೆ ಬೇರೆ ಹೆಸರು, ಬೇರೆ ನೆನಪು ಹೊತ್ತು ನಾಯಕಿಯ ಮುಂದೆ ಬಂದು ನಿಲ್ಲುತ್ತಾನೆ. ಹಳೆಯದು ನೆನಪಾಗಬೇಕಾದರೆ ಇನ್ನೊಂದು ವಾಹನ ಡಿಕ್ಕಿ ಹೊಡೆಯಬೇಕು, ಹೊಡೆಯುತ್ತದೆ. ಸದ್ಯ ನೆನಪು ಬಂತಲ್ಲ, ಇನ್ನು ಮದುವೆ ಎನ್ನುವಷ್ಟರಲ್ಲಿ ಇಬ್ಬರೂ ಒಂದೇ ತಂದೆಯ ಮಕ್ಕಳೇನೋ ಎಂಬ ಗುಮಾನಿ. ಅದು ತೀರಿತೆಂದರೆ ಅವನ ಕಣ್ಣೇ ಹೋಗುತ್ತದೆ. ಇಷ್ಟೂ ಇಪ್ಪತ್ತು ಕಂತಿನೊಳಗೆ, ಹಿಮ ಸುರಿಯುತ್ತಿರುವಾಗ, ನಾಯಕನ ಮಫ್ಲರ್ ಒಂದಿಷ್ಟೂ ಜಾರದಂತೆ ನಡೆದುಹೋಗುತ್ತದೆ. ಜಪಾನಿನ ಎನ್‌ಎಚ್‌ಕೆ ಇದನ್ನು ಪ್ರಸಾರ ಮಾಡಿದ್ದೇ ತಡ, ಅಲ್ಲಿನ ಮಧ್ಯವಯಸ್ಸಿನ ಹೆಂಗಸರು ನಟ ಬೇ ಯೋಂಗ್-ಜೂನ್‌ಗೆ ‘ಯೋನ್-ಸಾಮ’ ಎಂದು ಹೆಸರಿಟ್ಟು, 2004ರಲ್ಲಿ ಅವನು ಬಂದಿಳಿದಾಗ ನರಿಟಾ ವಿಮಾನ ನಿಲ್ದಾಣದಲ್ಲಿ ಸಾವಿರಗಟ್ಟಲೆ ನೆರೆದರು. ಚಿತ್ರೀಕರಣ ನಡೆದ ನಾಮಿ ದ್ವೀಪದ ಸಾಲುಮರಗಳಿಗೆ ತೀರ್ಥಯಾತ್ರೆಯೇ ಶುರುವಾಯಿತು.

“ಇದನ್ನೇ ನಮ್ಮವರು ಮಾಡಿದ್ರೆ ಬಿದ್ದು ಬಿದ್ದು ನಗ್ತೀಯಲ್ಲೇ” ಎಂಬುದು ಅತ್ತೆಯ ಆಕ್ಷೇಪ.

ನ್ಯಾಯವಾದದ್ದೇ. ‘ಪುಟ್ಟಗೌರಿ ಮದುವೆ’ಯ ನಾಯಕಿ ಬೆಟ್ಟದಿಂದ ಬಿದ್ದೂ ಬದುಕಿದಾಗ ಕನ್ನಡಿಗರ ಫೋನುಗಳಲ್ಲೆಲ್ಲ ಟ್ರೋಲ್‌ಗಳ ಸುರಿಮಳೆ. ಸೊಸೆಯೂ ತನ್ನ ಪಾಲಿನದನ್ನು ಫಾರ್ವರ್ಡ್ ಮಾಡಿದ್ದಳು. ಈಗ ಅವಳ ಸಮಜಾಯಿಷಿ ಹೀಗಿದೆ: “ಬೀಳೋದು ತಪ್ಪಲ್ಲ ಅತ್ತೆ. ಬಿದ್ದ ಮೇಲೆ ಬೇಗ ಕಥೆ ಮುಗಿಸ್ಬೇಕು, ನೋಡಿ.”

ಅವಳ ಇಡೀ ಸಿದ್ಧಾಂತ ಇದೇ. ಕೊರಿಯಾದ ರಾತ್ರಿ ಹೊತ್ತಿನ ಧಾರಾವಾಹಿ ಸಾಮಾನ್ಯವಾಗಿ ಹದಿನಾರು ಕಂತು. ಒಂದೊಂದೂ ಗಂಟೆಗಿಂತ ತುಸು ಹೆಚ್ಚು, ವಾರಕ್ಕೆ ಎರಡು. ಎಂಟು ವಾರದಲ್ಲಿ ಪ್ರೀತಿ, ಜಗಳ, ಆಸ್ಪತ್ರೆ, ವಿದೇಶ ಪ್ರಯಾಣ, ಪುನರ್ಮಿಲನ ಎಲ್ಲ ಮುಗಿದು ಊರೆಲ್ಲ ಹೊಸ ಕಥೆಗೆ ಕಾಯುತ್ತದೆ. ನಮ್ಮಲ್ಲಿ ವಾರಕ್ಕೆ ಐದಾರು ದಿನ, ಟಿಆರ್‌ಪಿ ಇಳಿಯುವವರೆಗೂ ಕಥೆಗೆ ನಿವೃತ್ತಿ ಇಲ್ಲ. ‘ಪುಟ್ಟಗೌರಿ ಮದುವೆ’ಯೇ 2012ರ ಕೊನೆಯಲ್ಲಿ ಶುರುವಾಗಿ ಸುಮಾರು ಆರು ವರ್ಷ ಓಡಿತು. ಜನ ಬೇಸತ್ತರೋ ಎಂಬ ಅನುಮಾನ ಬಂದರೆ ಮಹಾಸಂಚಿಕೆ. ಇನ್ನೂ ಅನುಮಾನವಿದ್ದರೆ ಪಕ್ಕದ ಧಾರಾವಾಹಿಯ ಸಂಸಾರವನ್ನೂ ಕರೆತಂದು ಮಹಾಸಂಗಮ. ಸಾಮಗ್ರಿ ಎರಡೂ ಕಡೆ ಒಂದೇ: ಅತ್ತೆ, ಆಸ್ತಿ, ಮರೆವು, ಬದಲಾದ ಮಗು. ಅವರಿಗೆ ಒಲೆ ಆರಿಸುವುದು ಗೊತ್ತು, ನಮ್ಮವರಿಗೆ ನೀರು ಬೆರೆಸುವುದು ಗೊತ್ತು ಎಂಬುದು ಅವಳ ತೀರ್ಪು.

ಕೊರಿಯಾದಲ್ಲೂ ನೀರು ಬೆರೆಸುವವರಿದ್ದಾರೆ ಎಂಬ ಸತ್ಯವನ್ನು ಅವಳು ಬಹಳ ದಿನ ಮುಚ್ಚಿಟ್ಟಿದ್ದಳು. ಅಲ್ಲಿ ಬೆಳಗಿನ ಹೊತ್ತು, ಸಂಜೆ ಹೊತ್ತು ಬರುವ ದಿನನಿತ್ಯದ ಧಾರಾವಾಹಿಗಳದು ಬೇರೆಯೇ ಲೋಕ. ಎಲ್ಲವೂ ಅತಿಗೆ ಹೋಗುವ ಈ ಜಾತಿಗೆ ಅಲ್ಲಿನವರು ‘ಮಕ್ಜಾಂಗ್’ ಎನ್ನುತ್ತಾರೆ. 2008ರಲ್ಲಿ ಆರಂಭವಾದ ‘ಟೆಂಪ್ಟೇಷನ್ ಆಫ್ ವೈಫ್’ ಇದರ ಶಿಖರ. ಗಂಡನೇ ಸಮುದ್ರದಲ್ಲಿ ಸಾಯಲು ಬಿಟ್ಟುಹೋದ ಹೆಂಡತಿ ಸೇಡಿಗಾಗಿ ಮರಳುತ್ತಾಳೆ. ವೇಷ ಮರೆಸಿಕೊಳ್ಳಲು ಅವಳು ಮಾಡಿಕೊಂಡ ದೊಡ್ಡ ಬದಲಾವಣೆ ಕಣ್ಣಿನ ಪಕ್ಕ ಒಂದು ಮಚ್ಚೆ. ಅಷ್ಟೇ! ಗಂಡನಿಗೂ ಗುರುತು ಸಿಗುವುದಿಲ್ಲ, ಅವಳ ಜಾಗಕ್ಕೆ ಬಂದ ಗೆಳತಿಗೂ ಇಲ್ಲ. ಗಂಡನಂತೂ ಮಚ್ಚೆಯಿರುವ ಹೆಂಗಸಿಗೆ ಹೊಸದಾಗಿ ಮನಸೋಲುತ್ತಾನೆ. ಒಟ್ಟು 129 ಕಂತು. 2014ರ ‘ಎವ್ರಿಬಡಿ ಸೇ ಕಿಮ್ಚಿ’ಯಲ್ಲಿ ಅತ್ತೆಯೊಬ್ಬಳು ಮಾಜಿ ಅಳಿಯನ ಕೆನ್ನೆಗೆ ಮಸಾಲೆ ಸೋರುವ ಇಡೀ ಕಿಮ್ಚಿ ಎಲೆಕೋಸಿನಿಂದ ರಪ್ಪೆಂದು ಬಾರಿಸುತ್ತಾಳೆ. ಸೊಸೆ ಈ ತುಣುಕನ್ನು ತೋರಿಸಿದ ದಿನ ಅತ್ತೆಯ ಮುಖ ಅರಳಿತು. “ಇದು ನೋಡು ಧಾರಾವಾಹಿ ಅಂದ್ರೆ” ಎಂದು ಇನ್ನೊಮ್ಮೆ ಹಾಕಿಸಿಕೊಂಡು ನೋಡಿದರು. ಅಲ್ಲಿಂದ ಮನೆಯಲ್ಲಿ ಕೊರಿಯಾದ ಬಗ್ಗೆ ವಿರೋಧ ಅರ್ಧ ಕಡಿಮೆಯಾಯಿತು.

ಉಳಿದರ್ಧ ಕರಗಿದ್ದು ‘ಡೇ ಜಾಂಗ್ ಗೂಮ್’ನಿಂದ. 2003–04ರ ಈ 54 ಕಂತಿನ ಕಥೆ ಜೋಸೊನ್ ಅರಮನೆಯ ಅಡುಗೆಮನೆಗೆ ಸೇರಿದ ಅನಾಥ ಹುಡುಗಿ ರಾಜವೈದ್ಯೆಯಾಗುವುದು. ಆ ಕಾಲದ ರಾಜವೃತ್ತಾಂತಗಳಲ್ಲಿ ಜಾಂಗ್‌ಗೂಮ್ ಎಂಬ ವೈದ್ಯೆಯ ಪ್ರಸ್ತಾಪ ಚೂರುಪಾರು ಸಿಗುತ್ತದೆ; ಆ ಚೂರನ್ನು ಹಿಡಿದು ಇಷ್ಟು ದೊಡ್ಡದು ಕಟ್ಟಿದರು. ದೂರದರ್ಶನ ಇದನ್ನು ಹಿಂದಿಯಲ್ಲಿ ‘ಘರ್ ಕಾ ಚಿರಾಗ್’ ಎಂದು ತೋರಿಸಿತ್ತು. ಶ್ರೀಲಂಕಾದಲ್ಲಿ ಅದೇ ‘ಸುಜಾತ ದಿಯಣಿ’ಯಾಗಿ ಮನೆಮಾತಾಯಿತು, ಇರಾನಿನಲ್ಲೂ ಜನ ಮುಗಿಬಿದ್ದು ನೋಡಿದರು. ಇದರಲ್ಲಿ ಹಿರಿಯ ಪಾಕಶಾಸ್ತ್ರಜ್ಞೆಯೊಬ್ಬಳು ಮಾಂಸದ ಪದಾರ್ಥದ ರುಚಿ ತೋರಿಸಿ, ಇದರಲ್ಲಿ ಸಿಹಿಗೆ ಏನು ಹಾಕಿದೆ ಎಂದು ಮಕ್ಕಳನ್ನು ಕೇಳುತ್ತಾಳೆ. ಪುಟ್ಟ ಜಾಂಗ್‌ಗೂಮ್ ಹಣ್ಣಾದ ಪರ್ಸಿಮನ್ ಎನ್ನುತ್ತಾಳೆ. ಹೇಗೆ ಹೇಳಿದೆ ಎಂದರೆ, ಬಾಯಿಗೆ ಆ ರುಚಿ ಹತ್ತಿತು, ಅದಕ್ಕೇ ಹೇಳಿದೆ ಎಂಬ ಉತ್ತರ. ಇಲ್ಲಿಗೆ ಬಂದಾಗ ಅತ್ತೆ ರಿಮೋಟ್ ಕೇಳಿ ತಾವೇ ನಿಲ್ಲಿಸಿದರು. ಸಾರಿನಪುಡಿಗೆ ಮೆಂತ್ಯ ಹೆಚ್ಚಾಗಿದೆಯೆಂದು ತಾವು ಹೇಳಿದಾಗಲೆಲ್ಲ ಸೊಸೆ ‘ಅದು ಹೇಗೆ ಗೊತ್ತಾಯ್ತು’ ಎಂದು ವಾದ ಮಾಡಿದ್ದನ್ನು ನೆನಪಿಸಿ, ಮತ್ತೆ ಚಾಲೂ ಮಾಡಿದರು.

ಶ್ರೀಮಂತ ಹುಡುಗ, ಬಡ ಹುಡುಗಿಯ ಕಥೆಗಳ ಬಗ್ಗೆ ಇಬ್ಬರದೂ ಒಂದೇ ಅಭಿಪ್ರಾಯ: ಹುಡುಗ ಮೊದಲ ನಾಲ್ಕು ಕಂತು ಕಪಾಳಕ್ಕೆ ಬಾರಿಸುವ ಹಾಗಿರುತ್ತಾನೆ, ಆಮೇಲೆ ಪರವಾಗಿಲ್ಲ. ಜಪಾನಿನ ಕಮಿಯೋ ಯೋಕೊ 1992ರಲ್ಲಿ ಬರೆಯತೊಡಗಿದ ‘ಹಾನಾ ಯೋರಿ ದಾಂಗೊ’ ಎಂಬ ಕಾಮಿಕ್ಸ್ ಇಂಥ ಕಥೆಗಳ ಮೂಲ ಮನೆ. ಅದೇ ಹುಡುಗಿ, ಅದೇ ನಾಲ್ವರು ದುಡ್ಡಿನ ಹುಡುಗರು 2001ರಲ್ಲಿ ತೈವಾನಿನಲ್ಲಿ ‘ಮೀಟಿಯರ್ ಗಾರ್ಡನ್’ ಆದರು, 2005ರಲ್ಲಿ ಜಪಾನಿನ ಧಾರಾವಾಹಿಯಾದರು, 2009ರಲ್ಲಿ ಕೊರಿಯಾದ ‘ಬಾಯ್ಸ್ ಓವರ್ ಫ್ಲವರ್ಸ್’, 2018ರಲ್ಲಿ ಚೀನಾ, 2021ರಲ್ಲಿ ಥಾಯ್ಲೆಂಡ್. ಐದು ದೇಶ ಸುತ್ತಿದರೂ ಹುಡುಗನ ತಾಯಿಯ ಮನಸ್ಸು ಕರಗಲಿಲ್ಲ. ಅವಳು ಎಲ್ಲ ಭಾಷೆಯಲ್ಲೂ ಸೋಫಾದಿಂದ ಏಳದೆ ಸೊಸೆಯನ್ನು ನಿರಾಕರಿಸುತ್ತಾಳೆ.

ಜಾಹೀರಾತಿನ ವಿಷಯದಲ್ಲಿ ಮಾತ್ರ ಅಭಿಮಾನಿಗೂ ಮುಜುಗರವಾಗುತ್ತದೆ. ಕೆಬಿಎಸ್, ಎಂಬಿಸಿ, ಎಸ್‌ಬಿಎಸ್‌ನಂಥ ದೊಡ್ಡ ವಾಹಿನಿಗಳು 2021ರವರೆಗೂ ಕಾರ್ಯಕ್ರಮದ ನಡುವೆ ಜಾಹೀರಾತು ಹಾಕುವಂತಿರಲಿಲ್ಲ. ಹಾಗಾಗಿ ಒಂದೇ ಕಂತನ್ನು ಎರಡಾಗಿ ಸೀಳಿ, ಮಧ್ಯೆ ಸಂದು ಮಾಡಿಕೊಂಡರು. ಹದಿನಾರು ಕಂತು ಲೆಕ್ಕದಲ್ಲಿ ಮೂವತ್ತೆರಡಾದದ್ದು ಹೀಗೆ. ಅದಕ್ಕೂ ಮುಂಚೆ, 2010ರಲ್ಲಿ, ಕಥೆಯೊಳಗೇ ಸಾಮಾನು ತೋರಿಸಲು ಕಾನೂನು ಒಪ್ಪಿತ್ತು. ಅಂದಿನಿಂದ ಕೊಲೆಗಾರನನ್ನು ಬೆನ್ನಟ್ಟುವ ಪೊಲೀಸನೂ ನಡುವೆ ಸ್ಯಾಂಡ್‌ವಿಚ್ ಅಂಗಡಿಗೆ ಹೊಕ್ಕು ಬ್ರೆಡ್ ಆರಿಸುತ್ತಾನೆ. 2021ರ ‘ವಿನ್ಚೆಂಜೊ’ದಲ್ಲಿ ಇಟಲಿಯ ಮಾಫಿಯಾದಿಂದ ಬಂದ ವಕೀಲ, ಇಡೀ ಸೋಲ್ ನಗರವನ್ನು ನಡುಗಿಸಬಲ್ಲವನು, ಇಂಡೋನೇಷ್ಯಾದ ಕಾಫಿ ಪೆಪ್ಪರ್‌ಮಿಂಟ್ ಚೀಪುತ್ತಾನೆ. ಎಲ್ಲಕ್ಕೂ ಕಳಶವಿಟ್ಟದ್ದು 2016ರ ‘ಡಿಸೆಂಡೆಂಟ್ಸ್ ಆಫ್ ದ ಸನ್’. ಸೈನಿಕನೊಬ್ಬ ಕಾರು ಓಡಿಸುತ್ತಿರುವಾಗ ಪಕ್ಕದಲ್ಲಿ ಪ್ರೇಯಸಿ. ಪ್ರೀತಿ ಉಕ್ಕುತ್ತದೆ. ಅವನು ಗುಂಡಿಯೊತ್ತಿ ಕಾರನ್ನು ತನ್ನಷ್ಟಕ್ಕೆ ಓಡಲು ಬಿಟ್ಟು, ಅವಳ ಕಡೆ ತಿರುಗಿ ಮುತ್ತಿಡುತ್ತಾನೆ. ಕಾರಿನ ಸೌಲಭ್ಯಗಳ ಪರಿಚಯ ಇಷ್ಟು ಭಾವಪೂರ್ಣವಾಗಿ ಯಾವ ಷೋರೂಮಿನಲ್ಲೂ ಆಗಿರಲಾರದು. ಅಭಿಮಾನಿಯ ಆತಂಕ ಬೇರೆ: ಆ ಊರಲ್ಲಿ ಬಿಳಿ ಟ್ರಕ್ಕುಗಳೂ ಓಡಾಡುತ್ತವಲ್ಲ!

2019ರ ಕೊನೆಯಲ್ಲಿ ಬಂದ ‘ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯೂ’ವನ್ನು ಟೀಕಿಸಿದರೆ ಅವಳು ಆ ದಿನ ಕಾಫಿ ಕೊಡುವುದಿಲ್ಲ. ದಕ್ಷಿಣ ಕೊರಿಯಾದ ಕೋಟ್ಯಧೀಶೆ ಪ್ಯಾರಾಗ್ಲೈಡಿಂಗ್‌ಗೆ ಹೋಗಿ ಸುಂಟರಗಾಳಿಗೆ ಸಿಕ್ಕಿ ಗಡಿಯಾಚೆ ಉತ್ತರ ಕೊರಿಯಾದ ಮರಕ್ಕೆ ಸಿಕ್ಕಿಹಾಕಿಕೊಳ್ಳುತ್ತಾಳೆ, ಕೆಳಗೆ ಸುರದ್ರೂಪಿ ಕ್ಯಾಪ್ಟನ್ ನಿಂತಿರುತ್ತಾನೆ. ಇದನ್ನು ನಂಬಿದವರಿಗೆ ಮುಂದಿನದೆಲ್ಲ ಸುಲಭ. ಇದರಲ್ಲಿ ಅವಳಿಗೆ ನಾಯಕನಿಗಿಂತ ಹತ್ತಿರದವನು ಕದ್ದುಮುಚ್ಚಿ ದಕ್ಷಿಣದ ಧಾರಾವಾಹಿ ನೋಡುವ ಉತ್ತರದ ಸಿಪಾಯಿ. ಸಿಕ್ಕಿಬಿದ್ದರೆ ಶಿಕ್ಷೆಯಾಗುವ ನಾಡಿನಲ್ಲೂ ಅವನಿಗೆ ‘ಸ್ಟೇರ್‌ವೇ ಟು ಹೆವನ್’ ಬಾಯಿಪಾಠ. ಕೊನೆಗೆ ಸೋಲ್‌ನಲ್ಲಿ ಅದೇ ಧಾರಾವಾಹಿಯ ನಾಯಕಿ ಚೋಯ್ ಜಿ-ವೂ, ‘ವಿಂಟರ್ ಸೊನಾಟಾ’ದ ನಾಯಕಿಯೂ ಅವಳೇ, ಸಾಕ್ಷಾತ್ ಬಂದು ಅವನೆದುರು ಕೂರುತ್ತಾಳೆ. ಜಗತ್ತಿನ ಅಭಿಮಾನಿಗಳ ಪರವಾಗಿ ಆ ಸಿಪಾಯಿ ದರ್ಶನ ಪಡೆದ ಎಂದು ಇವಳ ಭಾವನೆ. ನಾಯಕ ಹ್ಯೂನ್ ಬಿನ್, ನಾಯಕಿ ಸೋನ್ ಯೇ-ಜಿನ್ 2022ರಲ್ಲಿ ನಿಜವಾಗಿಯೂ ಮದುವೆಯಾದರು. ಕ್ಯಾಪ್ಟನ್ ಪಿಯಾನೊ ನುಡಿಸಿದ ಸ್ವಿಟ್ಜರ್ಲೆಂಡಿನ ಇಸೆಲ್ಟ್‌ವಾಲ್ಡ್ ಎಂಬ ಹಳ್ಳಿಗೆ ಜನ ನುಗ್ಗಿದ ರಭಸಕ್ಕೆ ಊರಿನವರು ಕೆರೆದಂಡೆಯ ಕಟ್ಟೆಗೆ ಗೇಟು ಹಾಕಿ ಐದು ಫ್ರಾಂಕ್ ಟಿಕೆಟ್ ಇಟ್ಟಿದ್ದಾರೆ. ಪಿಯಾನೊ ಅಲ್ಲಿಲ್ಲ. ಟಿಕೆಟ್ ಫೋಟೊಗೆ.

ಇಷ್ಟೆಲ್ಲ ಹೇಳಿದರೂ ಅವಳ ಮನೆದೇವರು ‘ರಿಪ್ಲೈ 1988’. ಸೋಲ್‌ನ ಸಾಂಗ್‌ಮುನ್-ದೋಂಗ್ ಬಡಾವಣೆಯ ಒಂದು ಓಣಿ, ಐದು ಮನೆ. ಟ್ರಕ್ ಇಲ್ಲ, ಮರೆವಿಲ್ಲ. ಮೊದಲ ಕಂತಿನಲ್ಲೇ ರಾತ್ರಿ ಊಟದ ಹೊತ್ತಿಗೆ ಒಬ್ಬೊಬ್ಬ ತಾಯಿಯೂ ತಾನು ಮಾಡಿದ್ದನ್ನು ಪಕ್ಕದ ಮನೆಗೆ ಕೊಟ್ಟು ಬಾ ಎಂದು ಮಕ್ಕಳನ್ನು ಅಟ್ಟುತ್ತಾಳೆ. ಕೊಟ್ಟ ಮನೆಯವರು ಬರಿಗೈಲಿ ಕಳಿಸುವುದಿಲ್ಲ. ಕೊನೆಗೆ ಓಣಿಯ ಮಕ್ಕಳೆಲ್ಲ ಬಟ್ಟಲು ಹಿಡಿದು ಎದುರುಬದುರು ಓಡಾಡುತ್ತಲೇ ಇರುತ್ತಾರೆ, ಊಟಕ್ಕೆ ಕೂತವರು ಯಾರೂ ಇಲ್ಲ. ನಾಯಕಿ ದೊಕ್-ಸನ್‌ಗೆ ಸೋಲ್ ಒಲಿಂಪಿಕ್ಸ್‌ನಲ್ಲಿ ಮಡಗಾಸ್ಕರ್ ತಂಡದ ಫಲಕ ಹಿಡಿಯುವ ಭಾಗ್ಯ. ತಿಂಗಳುಗಟ್ಟಲೆ ತಾಲೀಮು ಮಾಡಿದ ಮೇಲೆ ಮಡಗಾಸ್ಕರ್ ಕೂಟವನ್ನೇ ಬಹಿಷ್ಕರಿಸುತ್ತದೆ. ಆ ದೇಶ 1988ರಲ್ಲಿ ನಿಜವಾಗಿಯೂ ಬಹಿಷ್ಕರಿಸಿತ್ತು. ಅದಕ್ಕೆ ಕಾರಣ ರಾಜಕೀಯ ಎಂದು ಇತಿಹಾಸ ಹೇಳಿದರೂ ಅಭಿಮಾನಿ ಇವತ್ತಿಗೂ ಮಡಗಾಸ್ಕರನ್ನು ಕ್ಷಮಿಸಿಲ್ಲ. ಈ ಧಾರಾವಾಹಿಯ ಇಪ್ಪತ್ತು ಕಂತೂ ‘ಇವಳ ಗಂಡ ಯಾರು’ ಎಂಬ ಒಗಟಿನ ಮೇಲೆ ನಡೆಯುತ್ತದೆ. ಸಿಡುಕ ಜಂಗ್-ಹ್ವಾನ್ ಪರ ಒಂದು ಪಕ್ಷ, ಬಾದುಕ್ ಎಂಬ ಮಣೆಯಾಟದ ಆಟಗಾರ ತೇಕ್ ಪರ ಇನ್ನೊಂದು. ಗೆದ್ದವನು ತೇಕ್. ಸೋತವನ ಪಕ್ಷದ ಇವಳು ಆ ರಾತ್ರಿ ಊಟ ಬಿಟ್ಟಳು. “ಆ ಹುಡುಗ ಬಾಯಿ ಬಿಟ್ಟು ಹೇಳ್ಬೇಕಿತ್ತು ಕಣೇ, ಮನಸ್ಸಲ್ಲಿ ಇಟ್ಕೊಂಡ್ರೆ ಯಾರಿಗೆ ಗೊತ್ತಾಗುತ್ತೆ?” ಎಂದು ಅತ್ತೆ ಸಮಾಧಾನ ಮಾಡಿದರು.

ಚೀನಾದ ಅರಮನೆ ಕಥೆಗಳಿಗೆ ಅವಳು ಹೋಗಿ ಬಂದದ್ದುಂಟು. 2011ರ ‘ಎಂಪ್ರೆಸಸ್ ಇನ್ ದ ಪ್ಯಾಲೇಸ್’ 76 ಕಂತು. ಅಂತಃಪುರದಲ್ಲಿ ಧೂಪ ಹಾಕಿದರೆ ಅದರಲ್ಲಿ ಕಸ್ತೂರಿ, ಕಸ್ತೂರಿಯೆಂದರೆ ಯಾರದೋ ಬಸಿರಿಗೆ ಕುತ್ತು. ಅದನ್ನು ನೋಡಿದ ಮೇಲೆ ಮನೆಯಲ್ಲಿ ಊದುಬತ್ತಿಯ ಪೊಟ್ಟಣವನ್ನೂ ಓದಿಯೇ ಹಚ್ಚುತ್ತಿದ್ದಳು.

ಕಂತಿನ ಲೆಕ್ಕ ಅವಳಿಗೇ ತಿರುಗುಬಾಣವಾದದ್ದು ಒಂದು ಭಾನುವಾರ. “ನಂದು ಒಂದೇ ಧಾರಾವಾಹಿ, ಸಾವಿರ ಕಂತು. ನಿಂದು ನೂರು ಧಾರಾವಾಹಿ, ಒಂದೊಂದು ಹದಿನಾರು. ಲೆಕ್ಕ ಹಾಕು, ಯಾರು ಜಾಸ್ತಿ ನೋಡಿದ್ದು?” ಎಂದರು ಅತ್ತೆ, ಹುರುಳಿಕಾಯಿ ನಾರು ತೆಗೆಯುತ್ತಾ. ಸೊಸೆ ಮನಸ್ಸಿನಲ್ಲೇ ಗುಣಿಸಿ, ಬಾಯಿ ಮುಚ್ಚಿಕೊಂಡು, ಜಪಾನಿಗೆ ದಾಟಿದಳು.

ಜಪಾನಿನಲ್ಲಿ ಸಿಕ್ಕಿದ್ದು 2012ರಿಂದ ಕಂತು ಕಂತಾಗಿ ಬರುತ್ತಿರುವ ‘ಕೊದೊಕು ನೊ ಗುರುಮೆ’. ಮತ್ಸುಶಿಗೆ ಯುತಾಕ ಎಂಬ ಉದ್ದನೆಯ ನಟ ಸೂಟು ಹಾಕಿದ ವ್ಯಾಪಾರಿ. ಗಿರಾಕಿಯನ್ನು ಕಾಣಲು ಯಾವುದೋ ಬಡಾವಣೆಗೆ ಹೋಗುತ್ತಾನೆ, ಹಸಿವಾಗುತ್ತದೆ, ಹೋಟೆಲು ಹುಡುಕುತ್ತಾನೆ, ಉಣ್ಣುತ್ತಾನೆ, ಕಂತು ಮುಗಿಯುತ್ತದೆ. ಖಳನಿಲ್ಲ, ಪ್ರೇಯಸಿಯಿಲ್ಲ, ಅವನು ಕುಡಿಯುವವನೂ ಅಲ್ಲ. ಹೋಟೆಲುಗಳೆಲ್ಲ ನಿಜವಾಗಿ ಇರುವಂಥವು. ಮೂಲ ಕಥೆ ಬರೆದ ಕುಸುಮಿ ಮಸಯುಕಿ ಕೊನೆಯಲ್ಲಿ ತಾವೇ ಆ ಅಂಗಡಿಗೆ ಹೋಗಿ ಉಂಡು ಬರುತ್ತಾರೆ. ಶುರುವಾಗದ್ದನ್ನು ಮುಗಿಸುವ ಪ್ರಶ್ನೆಯೇ ಇಲ್ಲವಾದ್ದರಿಂದ ಅಭಿಮಾನಿಯ ಸಿದ್ಧಾಂತಕ್ಕೆ ಇದು ಸಿಗದೆ ಹೋಯಿತು. ಅತ್ತೆಗೆ ಮಾತ್ರ ಬಹಳ ಹಿಡಿಸಿತು. “ಪಾಪ, ಇವನಿಗೆ ಮನೇಲಿ ಮಾಡಿಹಾಕೋರು ಯಾರೂ ಇಲ್ವೇನೇ?” ಎಂದು ಪ್ರತಿ ಕಂತಿಗೂ ಕೇಳುತ್ತಾರೆ.

ಮನೆಯ ಯಜಮಾನ ಬ್ಯಾಂಕಿನವನು. ಅಳುವ ಧಾರಾವಾಹಿಯೆಂದರೆ ಪೇಪರ್ ಮರೆಗೆ ಹೋಗುವ ಗಿರಾಕಿ. ಅವನನ್ನು ಹಿಡಿದು ಕೂರಿಸಿದ್ದು 2013ರ ‘ಹಾನ್ಜಾವಾ ನವೋಕಿ’. ಒಸಾಕದ ಶಾಖೆಯೊಂದು ಉಕ್ಕಿನ ಕಂಪನಿಗೆ 50 ಕೋಟಿ ಯೆನ್ ಸಾಲ ಕೊಡುತ್ತದೆ. ಮಂಜೂರಾತಿಗೆ ಅವಸರ ಮಾಡಿದವನು ಮ್ಯಾನೇಜರು, ಸಾಲ ಮುಳುಗಿದಾಗ ತಪ್ಪು ಕೆಳಗಿನ ಹಾನ್ಜಾವಾನ ತಲೆಗೆ. ಪೇಪರ್ ಕೆಳಗಿಳಿಯಿತು. “ಎನ್‌ಪಿಎ ಆಯ್ತಾ? ಸೆಕ್ಯುರಿಟಿ ಏನ್ ತಗೊಂಡಿದ್ರು?” ಎಂಬ ಪ್ರಶ್ನೆ ಬಂತು. ಕೆಣಕಿದವರಿಗೆ ಇಮ್ಮಡಿಯಾಗಿ ತೀರಿಸುತ್ತೇನೆ ಎಂಬ ಹಾನ್ಜಾವಾನ ಶಪಥ ಆ ವರ್ಷ ಜಪಾನಿನ ಆಫೀಸುಗಳಲ್ಲೆಲ್ಲ ಮೊಳಗಿತ್ತು. ಕೊನೆಯ ಕಂತನ್ನು ಟೋಕಿಯೊ ಸುತ್ತಮುತ್ತ ನೂರಕ್ಕೆ 42.2 ಮನೆಗಳು ನೋಡಿದ್ದವು. ಅದರಲ್ಲಿ ಬ್ಯಾಂಕಿನ ನಿರ್ದೇಶಕ ಒವಾದ ಎಲ್ಲರೆದುರು ಮಂಡಿಯೂರಿ ನೆಲಕ್ಕೆ ಹಣೆ ಹಚ್ಚುವಾಗ ಮೈಸೂರಿನಲ್ಲಿ ಯಜಮಾನ ಸೋಫಾದಿಂದ ಎದ್ದು ನಿಂತ. ಮರುಕ್ಷಣ ಅಧ್ಯಕ್ಷರು ಹಾನ್ಜಾವಾನನ್ನು ಕರೆಸುತ್ತಾರೆ. ಬಡ್ತಿ ಎಂದು ಎಲ್ಲರೂ ಕಾದಿರುವಾಗ, ಅಂಗಸಂಸ್ಥೆಯ ಷೇರು ಕಂಪನಿಗೆ ಎತ್ತಂಗಡಿ. ಅಲ್ಲಿಗೆ ಧಾರಾವಾಹಿ ಖತಂ. ಹತ್ತೇ ಕಂತು.

ಅಭಿಮಾನಿ ಹೆಮ್ಮೆಯಿಂದ ಗಂಡನ ಮುಖ ನೋಡಿದಳು. ಹೇಗೆ ಮುಗಿಸಿದರು ನೋಡಿ ಎನ್ನುವಂತೆ.

“ಡೆಪ್ಯುಟೇಷನ್ನಾ? ಅಷ್ಟೆಲ್ಲ ಮಾಡಿದ್ಮೇಲೆ ಡೆಪ್ಯುಟೇಷನ್ನಾ? ಯೂನಿಯನ್‌ನವರು ಏನ್ ಮಾಡ್ತಿದ್ರಂತೆ?”

“ಏಳು ವರ್ಷ ಆದ್ಮೇಲೆ, 2020ರಲ್ಲಿ, ಎರಡನೇ ಭಾಗ ಬಂದಿದೆ” ಎಂದಳು ಅವಳು, ತುಸು ಅಳುಕಿನಿಂದಲೇ.

“ಮತ್ತೆ ಸುಮ್ನೆ ಕೂತಿದ್ದೀಯಲ್ಲ, ಹಾಕು” ಎಂದ. ಅತ್ತೆ ಆಗಲೇ ದಿಂಬು ಸರಿಮಾಡಿಕೊಂಡು ಒರಗಿದ್ದರು.