ಹಿಡಿಯ ಜಿಜ್ಞಾಸೆ

ಮಡಚಿ ಜೇಬಿನಲ್ಲಿಟ್ಟುಕೊಳ್ಳುವ ಚಾಕುವೊಂದನ್ನು ಕೊಳ್ಳಹೊರಟ ಗೃಹಸ್ಥನು ಅಲಗನ್ನು ಕುರಿತು ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾದ ಕಾರಣವಿಲ್ಲ. ಉಕ್ಕಿಗೆ ಹದ ಕೊಡುವ ವಿದ್ಯೆ ಕಮ್ಮಾರರಿಗೆ ಕರಗತವಾಗಿ ಎಷ್ಟೋ ಶತಮಾನಗಳು ಸಂದಿರುವುದರಿಂದ, ಮಾವಿನಹಣ್ಣಿನ ಮಟ್ಟಿಗೆ, ಪೆನ್ಸಿಲಿನ ಮಟ್ಟಿಗೆ, ಅಂಚೆಯಲ್ಲಿ ಬಂದ ಪೊಟ್ಟಣದ ಹುರಿಯ ಮಟ್ಟಿಗೆ ಯಾವ ಅಲಗಾದರೂ ಆದೀತು. ಜಿಜ್ಞಾಸೆಗೆ ಅರ್ಹವಾದುದು ಹಿಡಿ. ದಿನದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಅಲಗು ಹೊರಗೆ ಬಂದು ಲೋಕವನ್ನು ನೋಡುವುದು ಎರಡೋ ಮೂರೋ ನಿಮಿಷ. ಮಿಕ್ಕ ಕಾಲವೆಲ್ಲ ಅದು ಹಿಡಿಯ ಗರ್ಭದಲ್ಲಿ ಯೋಗನಿದ್ರೆಯಲ್ಲಿರುವಾಗ, ನಮ್ಮ ಅಂಗೈಗೂ ಕಣ್ಣಿಗೂ ಪಕ್ಕದಲ್ಲಿ ಕುಳಿತವನ ಅಸೂಯೆಗೂ ಗೋಚರವಾಗತಕ್ಕದ್ದು ಹಿಡಿಯೊಂದೇ. ಆದರೂ ಈ ಹಿಡಿಗೆ ಸಲ್ಲಬೇಕಾದ ಗೌರವ ಸಂದಿಲ್ಲ. ಹದಿನಾಲ್ಕನೆಯ ಶತಮಾನದ ಇಂಗ್ಲಿಷ್ ಕವಿ ಚಾಸರನು ತನ್ನ ಕಥೆಯ ಗಿರಣಿಯವನೊಬ್ಬನ ಕಾಲುಚೀಲದಲ್ಲಿ ಶೆಫೀಲ್ಡಿನ ಚಾಕುವೊಂದನ್ನು ಸಿಕ್ಕಿಸಿ ಆ ಊರಿನ ಕೀರ್ತಿಯನ್ನು ಅಜರಾಮರಗೊಳಿಸಿದನೇ ಹೊರತು, ಅದರ ಹಿಡಿ ಕೊಂಬಿನದೋ ಮರದ್ದೋ ಎಂಬುದನ್ನು ಬಾಯಿ ಬಿಟ್ಟು ಹೇಳಲಿಲ್ಲ. ಕವಿಗಳಿಂದ ಉಪೇಕ್ಷಿತವಾದ ವಸ್ತುಗಳಲ್ಲಿ ಇದೂ ಒಂದು.

ಅದೇ ಶೆಫೀಲ್ಡಿನಲ್ಲಿ ಉದ್ಯೋಗದಲ್ಲಿರುವ ನನ್ನ ಸೋದರಳಿಯನು, ಊರಿಗೆ ಬರುವಾಗ ನನಗೊಂದು ಚಾಕು ತರುವುದಾಗಿ ಕಾಗದ ಬರೆದು, ಕೊನೆಯಲ್ಲಿ, "ಹಿಡಿ ಯಾವುದಿರಲಿ ಮಾವ? ಕಡವೆ ಕೊಂಬು, ಎಲುಬು, ಎಮ್ಮೆ ಕೋಡು, ಮುತ್ತಿನ ಚಿಪ್ಪು, ಕರಿಮರ, ಬೀಟೆ, ಎಲ್ಲಾ ಇದೆ" ಎಂದು ಸೇರಿಸಿದ್ದನು. ಮನೆಯ ನೆಮ್ಮದಿಗೆ ಭಂಗ ತರಲು ಇಷ್ಟು ಸಾಲದೆ?

ಪಟ್ಟಿಯ ಮೊದಲಲ್ಲಿ ಕಡವೆ ಇದ್ದುದು ಆಕಸ್ಮಿಕವಲ್ಲ. ಚಾಕುವಿನ ರಸಿಕರಲ್ಲಿ ಅದಕ್ಕೇ ಅಗ್ರತಾಂಬೂಲ. ಯೂರೋಪಿನ ಜಿಂಕೆಗಳ ಕೊಂಬಿನ ಒಳಗೆ ಬೆಂಡು ಹೆಚ್ಚು. ನಮ್ಮ ಕಡವೆಯದು ಗಟ್ಟಿ. ಹೊರಮೈ ಹಳೆಯ ಮರದ ತೊಗಟೆಯ ಹಾಗೆ ಒರಟೊರಟಾಗಿರುವುದರಿಂದ ಕೈ ಒದ್ದೆಯಾಗಿದ್ದರೂ ಜಾರದು. ಆದಕಾರಣ ಶೆಫೀಲ್ಡಿನ ಕುಶಲಕರ್ಮಿಗಳು ತಲೆಮಾರುಗಳ ಕಾಲ ಹಿಂದೂಸ್ಥಾನದಿಂದ ಹಡಗುಗಳಲ್ಲಿ ಕೊಂಬು ತರಿಸಿಕೊಂಡರು. ನಾಗರಹೊಳೆಯಲ್ಲೋ ಬಂಡೀಪುರದಲ್ಲೋ ನಮ್ಮ ಕಣ್ಣೆದುರೇ ಮೇಯುವ ಪ್ರಾಣಿಯ ತಲೆಯ ಭೂಷಣವು ಸಪ್ತಸಮುದ್ರಗಳಾಚೆ ದೊರೆಗಳ ಜೇಬನ್ನು ಸೇರುತ್ತಿದ್ದುದನ್ನು ನೆನೆದರೆ ಸ್ವದೇಶಾಭಿಮಾನ ಉಕ್ಕುತ್ತದೆ. ಅಲ್ಲದೆ ಕಡವೆಯು ಎಮ್ಮೆಯಂತಲ್ಲ. ಕೊಂಬನ್ನು ತಾನಾಗಿಯೇ ಉದುರಿಸಿ ಹೊಸದನ್ನು ಬೆಳೆಸಿಕೊಳ್ಳತಕ್ಕ ಪುಣ್ಯಪ್ರಾಣಿ. ಬಿದ್ದುದನ್ನು ಆಯ್ದುಕೊಂಡರೆ ಹಿಂಸೆಯ ಲೇಶವೂ ಇಲ್ಲ.

ಆದರೆ ಬಿದ್ದುದನ್ನು ಮಾತ್ರವೇ ಆಯ್ದುಕೊಳ್ಳುವಷ್ಟು ಮನುಷ್ಯನು ಸಾಧುವೆಂದು ಸರ್ಕಾರಕ್ಕೆ ನಂಬಿಕೆ ಬರಲಿಲ್ಲ, ಬಾರದಿದ್ದುದು ನ್ಯಾಯವೇ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಅದರ ಬೆನ್ನಿಗೆ ಬಂದ ತಿದ್ದುಪಡಿ ನಿಷೇಧಗಳೂ ಕೂಡಿ, ಉದುರಿದ ಕೊಂಬಿನ ವ್ಯಾಪಾರಕ್ಕೂ ಬೀಗ ಬಿದ್ದಿದೆ. ಶೆಫೀಲ್ಡಿನವರು ಈಗ ಹಳೆಯ ದಾಸ್ತಾನನ್ನು ಕೃಪಣನು ನಾಣ್ಯ ಬಳಸುವಂತೆ ಬಳಸುತ್ತಾರೆ.

ಕೊಂಬಿಗೆ ಗತಿಯಿಲ್ಲದವರಿಗಾಗಿ ಎಲುಬು ಮೊದಲಿನಿಂದಲೂ ಇತ್ತು. ದನದ ಕಾಲೆಲುಬನ್ನು ಹಲಗೆಯಾಗಿ ಸೀಳಿ, ಮೇಲೆ ಸಣ್ಣ ಸಣ್ಣ ಗೀರುಗಳನ್ನು ಕೊರೆದು, ಕಂದು ಬಣ್ಣದಲ್ಲಿ ಅದ್ದಿ ತೆಗೆದರೆ ದೂರದಿಂದ ನೋಡುವವನಿಗೆ ಅದು ಕಡವೆ ಕೊಂಬು. ಈ ವೇಷವನ್ನು ಜನ ಎಷ್ಟು ಮೆಚ್ಚಿದರೆಂದರೆ, ಕೆಲಕಾಲದ ಮೇಲೆ ಪ್ಲಾಸ್ಟಿಕ್ಕು ಬಂದು, ಕೊಂಬಿನ ವೇಷ ಹಾಕಿದ ಎಲುಬಿನ ವೇಷ ಹಾಕಿಕೊಂಡಿತು! ಹೀಗೆ ವೇಷದ ಮೇಲೆ ವೇಷ ಧರಿಸಿ ರಂಗಕ್ಕೆ ಬಂದ ಪಾತ್ರಗಳಲ್ಲಿ ಸೆಲ್ಯುಲಾಯ್ಡಿನಷ್ಟು ಕಪಟಿ ಮತ್ತೊಂದಿಲ್ಲ. ಆನೆಯ ದಂತಕ್ಕೆ ಬದಲಿಯನ್ನು ಹುಡುಕುತ್ತಿದ್ದ ಅಮೆರಿಕದ ಹಯಟ್ ಎಂಬಾತನು 1870ರಲ್ಲಿ ಇದಕ್ಕೆ ಪೇಟೆಂಟ್ ಪಡೆದನು. ದಂತವೆನ್ನಿ, ಚಿಪ್ಪೆನ್ನಿ, ಕೇಳಿದ ರೂಪವನ್ನು ತಾಳುವುದು. ಬೆಂಕಿ ಸೋಕಿದರೆ ಭಗ್ಗನೆ ಹತ್ತಿಕೊಳ್ಳುವುದು. ಅಷ್ಟೇ ಆಗಿದ್ದರೆ ಕ್ಷಮಿಸಬಹುದಿತ್ತು. ವರ್ಷಗಳು ಕಳೆದಂತೆ ಈ ಪದಾರ್ಥವು ಒಳಗೊಳಗೇ ಶಿಥಿಲವಾಗಿ ಆಮ್ಲದ ಆವಿಯನ್ನು ಬಿಡುತ್ತ, ತನ್ನ ಆಶ್ರಯದಲ್ಲಿ ಮಲಗಿರುವ ಅಲಗಿಗೇ ತುಕ್ಕು ಹಿಡಿಸುತ್ತದೆ. ಬೇಲಿಯೇ ಎದ್ದು ಹೊಲವನ್ನು ಮೇಯುವುದೆಂದರೆ ಇದೇ.

ಇಷ್ಟೆಲ್ಲ ಪರ್ಯಾಲೋಚನೆಯ ಬಳಿಕ ನಾನು ಎಲುಬಿನ ಕಡೆಗೆ ವಾಲುತ್ತಿದ್ದೆನೆಂಬುದು ನನ್ನ ಮುಖದಿಂದಲೋ ಏನೋ ಮನೆಯಾಕೆಗೆ ತಿಳಿದುಹೋಯಿತು.

"ಎಲುಬಂತೆ! ಅದನ್ನ ಹಿಡ್ಕೊಂಡು ಹಣ್ಣು ಹೆಚ್ಚಿ ದೇವರ ಮುಂದೆ ಇಡ್ತೀರಾ? ಅದು ಅಡಿಗೆಮನೆ ಹೊಸಲು ದಾಟಕೂಡದು, ಹೇಳಿದೀನಿ."

ಆಕೆ ಆ ಹೊತ್ತು ಉಟ್ಟಿದ್ದ ರೇಷ್ಮೆಯ ಸೀರೆಗೆ ಎಷ್ಟು ಸಾವಿರ ಹುಳುಗಳು ಕುದಿನೀರನ್ನು ಕಂಡಿರಬಹುದೆಂಬ ಪ್ರಶ್ನೆಯನ್ನು ನಾನು ವಿನಯದಿಂದಲೇ ಮುಂದಿಟ್ಟೆನು.

"ರೇಷ್ಮೆಗೆ ಮಡಿ ಉಂಟು. ನಿಮ್ಮ ಎಲುಬಿಗೆ ಯಾವ ಶಾಸ್ತ್ರದಲ್ಲಿದೆ?"

ಎಮ್ಮೆಯ ಕೋಡೂ ಅದೇ ತೀರ್ಪಿನಲ್ಲಿ ಕೊಚ್ಚಿಹೋಯಿತು. ಕಡವೆಯ ಕೊಂಬಿನ ವಿಷಯದಲ್ಲಿ ಮಾತ್ರ ಆಕೆ ಉದಾರಿ: ಉದುರಿದ್ದಕ್ಕೆ ದೋಷವೇನು, ನಮ್ಮ ತಾತ ಜಿಂಕೆಯ ಚರ್ಮದ ಮೇಲೆ ಕೂತೇ ಜಪ ಮಾಡುತ್ತಿದ್ದರಲ್ಲ, ಎಂದಳು. ಅಂತೂ ಧರ್ಮ ಒಪ್ಪಿದ್ದನ್ನು ಕಾನೂನು ಒಪ್ಪದು. ಕಾನೂನು ಒಪ್ಪಿದ್ದನ್ನು ಮಡಿ ಒಪ್ಪದು. ಈ ಇಕ್ಕಟ್ಟಿನಲ್ಲಿ ನನಗೆ ಮುತ್ತಿನ ಚಿಪ್ಪು ಹೊಳೆಯಿತು. ಶಂಖವೂ ಒಂದು ಜಂತುವಿನ ಮನೆಯೇ ತಾನೆ? ಅದು ದೇವರ ಮಂಟಪದಲ್ಲಿ ಕೂರಬಹುದಾದರೆ ಅದರ ದಾಯಾದಿಯಾದ ಚಿಪ್ಪಿಗೆ ಅಡಿಗೆಮನೆ ಏಕೆ ನಿಷಿದ್ಧ? 1851ರಲ್ಲಿ ಲಂಡನ್ನಿನ ಮಹಾಪ್ರದರ್ಶನಕ್ಕೆಂದು ಶೆಫೀಲ್ಡಿನ ಜೋಸೆಫ್ ರಾಡ್ಜರ್ಸ್ ಸಂಸ್ಥೆಯವರು 75 ಅಲಗುಗಳುಳ್ಳ ನಾರ್ಫೋಕ್ ಚಾಕುವನ್ನು ಮಾಡಿದಾಗ ಅದರ ಹಿಡಿಗೆ ಕೆತ್ತಿಸಿದ್ದು ಈ ಚಿಪ್ಪನ್ನೇ ಎಂದೂ ತಿಳಿಸಿದೆನು.

"ಎಪ್ಪತ್ತೈದು ಅಲಗೇ? ಯಾವ ಮದುವೆ ಮನೆಗೆ?" ಎಂದು ಕೇಳಿ, ಸ್ವಲ್ಪ ಹೊತ್ತು ಬಿಟ್ಟು, "ಶಂಖಾನ ಯಾರಾದ್ರೂ ಜೇಬಲ್ಲಿ ಇಟ್ಕೊಂಡು ಬಸ್ಸು ಹತ್ತುತಾರೇನ್ರಿ?" ಎಂದಳು.

ಇದಕ್ಕೆ ಉತ್ತರವಿಲ್ಲ. ಚಿಪ್ಪಿನ ಹಿಡಿ ನೋಡಲು ಬೆಳದಿಂಗಳೇ ಸರಿ. ಆದರೆ ಹಣ್ಣಿನ ರಸದ ಕೈಯಲ್ಲಿ ನುಣುಚಿಕೊಂಡು ಕಲ್ಲುಚಪ್ಪಡಿಯ ಮೇಲೆ ಒಮ್ಮೆ ಬಿದ್ದರೆ ಮುಗಿಯಿತು.

ಉಳಿದದ್ದು ಮರ. ಮರದಲ್ಲಿಯೂ ಭೇದಗಳುಂಟು. ಫ್ರಾನ್ಸಿನ ಸಾವೋಯ್ ಪ್ರಾಂತದಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ರೂಪಿಸಿದ ರೈತರ ಚಾಕುವಿಗೆ ಬೀಚ್ ಎಂಬ ಮರದ ಒಂದೇ ತುಂಡಿನ ಹಿಡಿ. ಅಗ್ಗ, ಹಗುರ, ಕೈಗೆ ಹಿತ. ಆದರೆ ಅದು ನೀರು ಕುಡಿದು ಉಬ್ಬಿದರೆ ಅಲಗು ಒಳಗೇ ಸಿಕ್ಕಿಕೊಳ್ಳುತ್ತದೆ. ಆಗ ಆ ಸೀಮೆಯವರು ಹಿಡಿಯ ಹಿಂತುದಿಯನ್ನು ಮೇಜಿಗೆ ಟಕ್ಕೆಂದು ಕುಟ್ಟುತ್ತಾರೆ, ಅಲಗಿನ ಬೆನ್ನು ಇಷ್ಟು ಮೇಲೇಳುತ್ತದೆ, ಉಗುರು ಹಾಕಿ ಎಳೆಯುತ್ತಾರೆ. ನಮ್ಮ ಆಗುಂಬೆಯ ಆಷಾಢದಲ್ಲಿ ಈ ಚಾಕುವಿನ ಒಡೆಯನು ತಿಂಗಳಿಡೀ ಮೇಜು ಕುಟ್ಟುತ್ತಲೇ ಇರಬೇಕಾದೀತು. ಕರಿಮರವು ಘನಗಂಭೀರ, ಆದರೆ ಬೇಸಗೆ ಒಣಗಿದಂತೆ ಬಿರಿಯುವ ಸ್ವಭಾವ. ಶ್ರೀಗಂಧದ ಮಾತನ್ನು ಆಡುವುದೇ ಬೇಡ. ಮೂಗಿಗೆ ಹಿತವಾದರೂ, ಜೇಬಿನಲ್ಲಿ ಗಂಧದ ತುಂಡಿಟ್ಟುಕೊಂಡವನನ್ನು ನಮ್ಮ ನಾಡಿನಲ್ಲಿ ಜನ ನೋಡುವ ದೃಷ್ಟಿಯೇ ಬೇರೆ.

ಬೀಟೆಯೊಂದೇ ಎಲ್ಲ ನ್ಯಾಯಾಸನಗಳ ಮುಂದೆಯೂ ಗೆದ್ದು ಬಂದಿತು. ಮರದೊಳಗೇ ಎಣ್ಣೆಯ ಅಂಶವಿರುವುದರಿಂದ ನೀರಿಗೆ ಬೇಗ ಸೋಲದು. ನೇರಳೆ ಬೆರೆತ ಕಂದಿನ ಮೇಲೆ ಕಪ್ಪು ಎಳೆಗಳು ಹರಿದಿರುವುದರಿಂದ ಯಾರ ವೇಷವನ್ನೂ ಹಾಕಿಕೊಳ್ಳಬೇಕಾದ ದೈನ್ಯವೂ ಅದಕ್ಕಿಲ್ಲ. ಶೆಫೀಲ್ಡಿನವರು ಇದನ್ನು ತೋಟದವರ ಚಾಕುವಿಗೆ ಹಾಕಿ, ದೊರೆಗಳಿಗೆ ದಂತವನ್ನೂ ಚಿಪ್ಪನ್ನೂ ಕೊಟ್ಟರು. ನನ್ನ ಅಭಿಪ್ರಾಯದಲ್ಲಿ ತೋಟದವನಿಗೇ ಒಳ್ಳೆಯ ಚಾಕು ಸಿಕ್ಕಿತು. ಅಳಿಯನಿಗೆ ಹಾಗೆಯೇ ಬರೆದು ಹಾಕಿದ್ದೇನೆ.

ವಾಚಕರಲ್ಲಿ ಯಾರಾದರೂ ಇಂಥ ಚಾಕುವನ್ನು ಕೊಳ್ಳುವುದಾದರೆ, ಹಿಡಿ ಯಾವುದೇ ಇರಲಿ, ಹಣ ಕೊಡುವ ಮೊದಲು ಅದು ಹಿತ್ತಾಳೆಯ ತಗಡನ್ನು ಸೇರುವ ಗೆರೆಯ ಮೇಲೂ ಮೊಳೆಗಳ ತಲೆಯ ಮೇಲೂ ಉಗುರನ್ನು ಮೆಲ್ಲನೆ ಎಳೆದು ನೋಡಿ. ಉಗುರು ಎಲ್ಲಿಯಾದರೂ ತಡೆದರೆ ಅಂಗಡಿಯವನಿಗೆ ನಮಸ್ಕಾರ ಹೇಳಿ ಬಂದುಬಿಡಿ.