ಕುಕ್ಕುಟಾಂಡಾವರೋಧ ಮೀಮಾಂಸೆ

ಯಾವುದೇ ಶಾಸ್ತ್ರಗ್ರಂಥವು ತನ್ನ ವಿಷಯ, ಪ್ರಯೋಜನ, ಸಂಬಂಧ ಮತ್ತು ಅಧಿಕಾರಿ ಎಂಬ ನಾಲ್ಕನ್ನು ಆರಂಭದಲ್ಲಿಯೇ ಅರುಹಬೇಕೆಂಬುದು ಪೂರ್ವಸೂರಿಗಳ ಕಟ್ಟಳೆಯಾಗಿದ್ದು, ಇದಕ್ಕೆ ಅನುಬಂಧಚತುಷ್ಟಯವೆಂದು ಹೆಸರು. ಪ್ರಸ್ತುತ ಮೀಮಾಂಸೆಗೆ ವಿಷಯವು ಮೊಟ್ಟೆಯಿಡದೆ ಮಂಕಾಗಿ ನಿಂತ ಹಿತ್ತಲ ಹೇಂಟೆ, ಪ್ರಯೋಜನವು ಮೊಟ್ಟೆ, ಸಂಬಂಧವು ಹೇಂಟೆಗೂ ಅದಕ್ಕೆ ದಿನವೂ ನುಚ್ಚು ಹಾಕುವ ಮನೆಯೊಡತಿಗೂ ಇರತಕ್ಕದ್ದೇ ಹೊರತು, ಸಂತೆಯಲ್ಲಿ ಚೌಕಾಸಿ ಮಾಡಿ ಕೊಂಡುತಂದ ಯಜಮಾನನಿಗೆ ಇರತಕ್ಕದ್ದಲ್ಲ, ಅಧಿಕಾರಿಯು, ಎಂದರೆ ಈ ಶಾಸ್ತ್ರಾಧ್ಯಯನಕ್ಕೆ ಅರ್ಹನಾದವನು, ಎರಡೂ ರೆಕ್ಕೆ ಸೇರಿಸಿ ಕೋಳಿ ಹಿಡಿಯಲು ಬಲ್ಲವನು. ಪಶುಸಂಗೋಪನಾ ಇಲಾಖೆಯ ಅಧಿಕಾರಿಯ ಪ್ರವೇಶವು ಪ್ರಕರಣದ ಕೊನೆಯಲ್ಲಿದೆ.

ಹೇಂಟೆಯ ಒಡಲಿನಲ್ಲಿ ಎಡಗಡೆಯ ಅಂಡಾಶಯವೊಂದೇ ಕಾರ್ಯನಿರತವಾಗಿದ್ದು, ಅಲ್ಲಿಂದ ಕಳಚಿದ ಹಳದಿಯು ಅಂಡನಾಳವೆಂಬ ಸುರುಳಿದಾರಿಯಲ್ಲಿ ಇಳಿಯುತ್ತ, ಬಿಳಿಯ ಲೋಳೆಯನ್ನೂ ಪೊರೆಗಳನ್ನೂ ಸುತ್ತಿಕೊಂಡು, ಚಿಪ್ಪುಗ್ರಂಥಿ ಎಂಬ ತಾಣದಲ್ಲಿ ಸುಮಾರು 20 ತಾಸು ತಂಗಿ, ಸರಿಸುಮಾರು 2 ಗ್ರಾಂ ಸುಣ್ಣದಂಶವನ್ನು ಮೈಗೆ ಹೊದ್ದು ಹೊರಬೀಳುತ್ತದೆ. ಇಡೀ ಪ್ರಯಾಣಕ್ಕೆ 24ರಿಂದ 26 ತಾಸು ಹಿಡಿಯುವುದರಿಂದ ಮೊಟ್ಟೆಯಿಡುವ ವೇಳೆ ದಿನದಿನಕ್ಕೆ ತಡವಾಗುತ್ತ ಹೋಗಿ, ಕಡೆಗೊಂದು ದಿನ ತಪ್ಪಿಯೇ ತೀರುತ್ತದೆ. ಒಂದು ದಿನ ಬುಟ್ಟಿ ಬರಿದಾದುದಕ್ಕೇ ಶಾಂತಿ ಮಾಡಿಸಹೊರಡುವ ಗೃಹಸ್ಥನಿಗೆ ರೋಗವಿಜ್ಞಾನಕ್ಕಿಂತ ಮೊದಲು ಲೆಕ್ಕ ಕಲಿಸಬೇಕಾಗುತ್ತದೆ.

ಇನ್ನು ಪ್ರಮಾಣವಿಚಾರ. ಇಲ್ಲದಿರುವುದನ್ನು ಕಾಣದಿರುವಿಕೆಯಿಂದಲೇ ಅರಿಯುವ ಬಗೆಗೆ ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿ ಎನ್ನುತ್ತಾರೆ. ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲವೆಂಬುದು ಅವರ ಉದಾಹರಣೆಯಾದರೆ, ಗಡಿಗೆಗೆ ಕಾಲಿಲ್ಲ, ಕೋಳಿಗೆ ಇದೆ ಎಂಬ ಭೇದವನ್ನು ಆ ಮಹನೀಯರು ವಿಚಾರಿಸಿದಂತಿಲ್ಲ. ಬುಟ್ಟಿಯಲ್ಲಿ ಮೊಟ್ಟೆಯ ಅಭಾವವು ಸಿದ್ಧವಾದ ಮಾತ್ರಕ್ಕೆ ಜಗತ್ತಿನಲ್ಲಿ ಮೊಟ್ಟೆಯ ಅಭಾವವು ಸಿದ್ಧವಾಗದು. ಅದು ಹುಲ್ಲಿನ ಬಣವೆಯ ಸಂದಿನಲ್ಲಿರಬಹುದು, ಸೌದೆ ರಾಶಿಯ ಹಿಂದಿರಬಹುದು, ಮುಂಗುಸಿಯ ಅಥವಾ ಕೇರೆಹಾವಿನ ಹೊಟ್ಟೆಯಲ್ಲಿರಬಹುದು, ಪಕ್ಕದ ಮನೆಯ ಬಾಣಲೆಯಲ್ಲಿಯೂ ಇರಬಹುದು. ಆದ್ದರಿಂದ ಇಲ್ಲಿ ಶಬ್ದಪ್ರಮಾಣದ ನೆರವು ಬೇಕಾಗುತ್ತದೆ. ಆಪ್ತವಾಕ್ಯವೇ ಶಬ್ದಪ್ರಮಾಣವೆಂಬುದು ಶಾಸ್ತ್ರದ ಮಾತಾದರೂ, ಹಿತ್ತಲಿನಲ್ಲಿ ಆಪ್ತರು ಹೇಂಟೆಯ ವಿನಾ ಬೇರಾರೂ ಇಲ್ಲದ ಕಾರಣ, ಮೊಟ್ಟೆಯಿಟ್ಟ ಮೇಲೆ ಅದು ಊರಿಗೆ ಕೇಳುವಂತೆ ಹಾಕುವ ಕೇಕೆ ಯಾವ ದಿಕ್ಕಿನಿಂದ ಬಂತೆಂದು ಗಮನಿಸುವುದೇ ಯುಕ್ತ.

ಕೇಕೆಯೂ ಇಲ್ಲ, ಬಣವೆಯಲ್ಲೂ ಇಲ್ಲ ಎಂದಾದ ಬಳಿಕ ಲಕ್ಷಣಪರೀಕ್ಷೆ. ಕಾವಿಗೆ ಕೂತ ಕೋಳಿಯು ಬುಟ್ಟಿ ಬಿಟ್ಟೇಳದೆ, ಕೈಚಾಚಿದರೆ ಮೈಯುಬ್ಬಿಸಿ ಗುರುಗುಟ್ಟಿ ಕುಕ್ಕುತ್ತದೆ. ಅದು ರೋಗವಲ್ಲ, 21 ದಿನಗಳ ಸಂಕಲ್ಪ. ಗರಿಯುದುರುವ ಕಾಲದಲ್ಲಿಯೂ ಮೊಟ್ಟೆ ನಿಲ್ಲುವುದು ಸಹಜ. ಹಸಿರು ಬೇಧಿ, ತಿರುಚಿದ ಕತ್ತು, ಏದುಸಿರು ಕಂಡು, ಒಂದರ ಹಿಂದೊಂದು ಕೋಳಿ ಮಲಗತೊಡಗಿದರೆ ಅದು ಕುಮಾವೂಂ ಬೆಟ್ಟಗಳ ಊರೊಂದರ ಹೆಸರು ಹೊತ್ತ ರಾಣಿಖೇತ್ ರೋಗದ ಶಂಕೆಯಾಗಿದ್ದು, ಉಳಿದವನ್ನು ಬೇರ್ಪಡಿಸಿ ಪಶುವೈದ್ಯರಿಗೆ ತಿಳಿಸುವುದರ ಹೊರತು ಬೇರೆ ಮೀಮಾಂಸೆಗೆ ಅಲ್ಲಿ ಅವಕಾಶವಿಲ್ಲ. ಅಂಡಾವರೋಧದ, ಎಂದರೆ ಮೊಟ್ಟೆಯು ಅಂಡನಾಳದಲ್ಲಿ ಸಿಕ್ಕಿಕೊಳ್ಳುವುದರ, ಲಕ್ಷಣಗಳೇ ಬೇರೆ. ಹೇಂಟೆಯು ಮೇವು ಬಿಟ್ಟು, ಜುಟ್ಟು ಬಿಳಿಚಿ, ಬಾಲ ಇಳಿಬಿಟ್ಟು ಮೇಲಿಂದ ಮೇಲೆ ತಿಣುಕುತ್ತ, ಎದೆಯೆತ್ತಿ ನೆಟ್ಟಗೆ ನಿಲ್ಲುತ್ತದೆ. ಪಾಶ್ಚಾತ್ಯ ಗ್ರಂಥಗಳು ಇದನ್ನು ಪೆಂಗ್ವಿನ್ ನಿಲುವೆಂದು ಕರೆದಿವೆಯಾದರೂ, ಪೆಂಗ್ವಿನ್ ಕಾಣದ ನಾಡಿನಲ್ಲಿ ಇದನ್ನು ಪೇಟ, ಶಾಲು, ಹಾರಗಳ ಭಾರ ಹೊತ್ತು ವಂದನಾರ್ಪಣೆ ಮುಗಿಯುವುದನ್ನೇ ಕಾಯುವ ಸನ್ಮಾನಿತರ ನಿಲುವೆಂದರೆ ಬೇಗ ತಿಳಿದೀತು.

ಕಾರಣಗಳಲ್ಲಿ ಸುಣ್ಣದಂಶದ ಕೊರತೆ ಮುಖ್ಯ. ಸ್ನಾಯುಗಳು ಸಂಕುಚಿಸಿ ಮೊಟ್ಟೆಯನ್ನು ನೂಕಲೂ ಅದೇ ಬೇಕಾದ್ದರಿಂದ, ತಂಗಳನ್ನದ ಮೇಲೆಯೇ ಬದುಕುವ ಹೇಂಟೆಗೆ ಚಿಪ್ಪು ಕಟ್ಟುವುದೂ ಕಷ್ಟ, ಕಟ್ಟಿದ್ದನ್ನು ಹೊರಹಾಕುವುದೂ ಕಷ್ಟ. ಮೊದಲ ಸಲ ಮೊಟ್ಟೆಯಿಡುವ ಪಡ್ಡೆಗಳೂ, ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜದಂತಹ ದಪ್ಪಮೈಯ ತಳಿಯವು ಕೂತಲ್ಲೇ ತಿಂದು ಕೊಬ್ಬಿದರೆ ಅವೂ, ಈ ತೊಂದರೆಗೆ ಪಕ್ಕಾಗುವ ಸಂಭವವಿದೆ.

ಚಿಕಿತ್ಸೆಯ ವಿಷಯದಲ್ಲಿ ಪೂರ್ವಪಕ್ಷಗಳು ಮೂರು. ದೃಷ್ಟಿವಾದಿಗಳು ಕೆಂಡಕ್ಕೆ ಮೆಣಸಿನಕಾಯಿ ಹಾಕಿ ನಿವಾಳಿಸುವರು. ಹಕ್ಕಿಯ ಶ್ವಾಸಾಂಗ ಹೊಗೆಗೆ ಬಲು ಸೂಕ್ಷ್ಮವಾದುದರಿಂದ ಇದು ಒಂದು ರೋಗಕ್ಕೆ ಎರಡನೆಯದನ್ನು ಸೇರಿಸುವ ವಿಧಾನ. ಸುಣ್ಣವಾದಿಗಳು ಎಲೆಯಡಿಕೆಯ ಡಬ್ಬಿಯಿಂದಲೇ ಸುಣ್ಣ ತೆಗೆದು ಕೊಕ್ಕಿನೊಳಗೆ ಒತ್ತುವರು. ಕಾರಣ ಸರಿ, ಆದರೆ ಬಾಯಿ ಸುಡುತ್ತದೆ. ಮೂರನೆಯವರಾದ ಸಾರುವಾದಿಗಳು ಸಂಖ್ಯೆಯಲ್ಲಿ ಹೆಚ್ಚು. ಅಳಿಯಂದಿರೂ ರಜೆಗೆ ಬಂದ ನೆಂಟರೂ ಪ್ರಧಾನವಾಗಿರುವ ಈ ಪಂಥವು, ಸಾಯುವ ಮುನ್ನ ಕೊಯ್ದರೆ ನಷ್ಟವಿಲ್ಲವೆಂಬ ಏಕಸೂತ್ರವನ್ನು ನಂಬಿ, ರೋಗನಿರ್ಣಯ ಮುಗಿಯುವ ಮೊದಲೇ ಮಸಾಲೆ ಅರೆಯುವುದನ್ನು ಆರಂಭಿಸುತ್ತದೆ.

ಸಿದ್ಧಾಂತವಾದರೋ ಹೀಗಿದೆ. ಹೇಂಟೆಯನ್ನು ಮೆಲ್ಲನೆ ಹಿಡಿದು, ಮೊಣಕೈಗೆ ಹಿತವಾಗುವಷ್ಟು ಬೆಚ್ಚಗಿನ ನೀರು ತುಂಬಿದ ಬೇಸಿನ್ನಿನಲ್ಲಿ, ಕೆಳಹೊಟ್ಟೆ ಮುಳುಗುವಂತೆ 15ರಿಂದ 20 ನಿಮಿಷ ಕೂರಿಸಬೇಕು. ಮೊದಲ ಗಳಿಗೆಯಲ್ಲಿ ಅದು ಇಡೀ ಮನೆಯನ್ನು ತೋಯಿಸುವುದು ನಿಶ್ಚಿತ. ಅನಂತರ ಕತ್ತು ಕುಗ್ಗಿ, ಕಣ್ಣಿನ ಒಳಮೂಲೆಯಿಂದ ತೆಳುಪೊರೆ ಜಾರಿ ಬಂದು, ಒದ್ದೆ ಗರಿಗಳು ನೀರಿನಲ್ಲಿ ಅಗಲವಾಗಿ ಹರಡಿ, ಕಾಲಿನ ಬಿಗಿ ಸಡಿಲುವುದನ್ನು ಕೈ ತಾನೇ ಅರಿಯುತ್ತದೆ. ಬಳಿಕ ಚೆನ್ನಾಗಿ ಒರೆಸಿ, ದ್ವಾರದ ಸುತ್ತ ಕೊಬ್ಬರಿ ಎಣ್ಣೆ ಸವರಿ, ಬೆಚ್ಚನೆಯ ಕತ್ತಲ ಮೂಲೆಯಲ್ಲಿ ಗೋಣಿಚೀಲ ಹಾಸಿ ಮಂಕರಿ ಕವುಚಿ, ನೀರಿಟ್ಟು, ಮಕ್ಕಳನ್ನೂ ಹುಂಜವನ್ನೂ ದೂರವಿಡತಕ್ಕದ್ದು. ಹೊಟ್ಟೆ ಹಿಸುಕಿ ಮೊಟ್ಟೆ ತೆಗೆಯುವ ಸಾಹಸ ಸರ್ವಥಾ ನಿಷಿದ್ಧ; ಒಳಗೆ ಒಡೆದರೆ ಚಿಪ್ಪಿನ ಚೂರು ನಾಳವನ್ನು ಸೀಳಿ, ಸೋಂಕು ಹಬ್ಬಿ ಹೇಂಟೆ ಉಳಿಯದು. ಗುಣವಾದ ಮೇಲೆ ಕಪ್ಪೆಚಿಪ್ಪಿನ ನುಚ್ಚನ್ನೋ, ಹುರಿದು ಪುಡಿಮಾಡಿದ ಮೊಟ್ಟೆ ಚಿಪ್ಪನ್ನೋ ಬೇರೆ ತಟ್ಟೆಯಲ್ಲಿಟ್ಟರೆ ಬೇಕಾದಷ್ಟನ್ನು ಅದೇ ತಿಂದುಕೊಳ್ಳುತ್ತದೆ.

ಸ್ನಾನದಿಂದ ಕೆಲವು ತಾಸಿನೊಳಗೆ ಮೊಟ್ಟೆ ಬೀಳದಿದ್ದರೆ, ಅಥವಾ ಹೇಂಟೆ ಬಾಯಿ ತೆರೆದು ಉಸಿರಾಡತೊಡಗಿದರೆ, ಅದೇ ದಿನ ಪಶು ಆಸ್ಪತ್ರೆಗೆ ಒಯ್ಯಬೇಕು. ಕ್ಯಾಲ್ಸಿಯಂ ಚುಚ್ಚುಮದ್ದೋ, ಆಕ್ಸಿಟೋಸಿನ್ನೋ ಎಂಬ ತೀರ್ಮಾನ ವೈದ್ಯರದೇ. ಔಷಧ ಪಡೆದ ಕೋಳಿಯ ಮಾಂಸವನ್ನೂ ಮೊಟ್ಟೆಯನ್ನೂ ವೈದ್ಯರು ಹೇಳಿದ ಅವಧಿಯವರೆಗೆ ತಿನ್ನಬಾರದೆಂಬ ನಿಯಮವಿರುವುದರಿಂದ, ಮೊದಲ ಚುಚ್ಚುಮದ್ದು ಬಿದ್ದ ಕ್ಷಣವೇ ಸಾರುವಾದವು ಖಂಡನೆಗೊಳ್ಳುತ್ತದೆ. ಅರೆದ ಮಸಾಲೆಯನ್ನು ಬದನೆಕಾಯಿಗೆ ಬಳಸತಕ್ಕದ್ದು.